ಡಾಕ್ಟರು ಹೇಳದ ಮಾತು

ಶಾರದಾ, ಇಂಜೆಕ್ಷನ್ ಸಾಕು ಎಂದು ಡಾಕ್ಟರು ಹೇಳಿರಲಿಲ್ಲ. ಹೇಳಿದ್ದು ನಾನು — ನಿನ್ನ ಅಣ್ಣನ ಹೆಂಡತಿ, ನೀನು ತಾಯಿಯಂತೆ ನಂಬಿದ ಅತ್ತಿಗೆ.

ಒಂಬತ್ತು ವರ್ಷವಾಯಿತು. ಆಗ ನಿನ್ನ ಸಂಧಿವಾತದ ಲೆಕ್ಕವೆಲ್ಲ ನನ್ನದೇ. ಬೆಳಿಗ್ಗೆ ಎಷ್ಟು ಹೊತ್ತಿಗೆ ನಿನ್ನ ಬೆರಳು ಮಡಚಲು ಬಂತು, ಜಡೆ ನೀನೇ ಹಾಕಿಕೊಂಡೆಯೋ ನಾನು ಹಾಕಿದೆನೋ — ದಿನವೂ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. ವಾರಕ್ಕೊಮ್ಮೆ ಜಯನಗರದಿಂದ ಬಸ್ಸು ಹಿಡಿದು ಆಸ್ಪತ್ರೆಗೆ. ಮೊದಲು ಮೂತ್ರ ಪರೀಕ್ಷೆ, ಆಮೇಲೆ ಚಿನ್ನದ ಲವಣದ ಇಂಜೆಕ್ಷನ್. "ಕತ್ತಿಗೆ ಒಂದೆಳೆ ಇಲ್ಲ, ಸೊಂಟಕ್ಕೆ ಮಾತ್ರ ವಾರವಾರ ಚಿನ್ನ ನೋಡಿ ಅತ್ತಿಗೆ" ಎಂದು ನಗಿಸುತ್ತಿದ್ದೆ. ನಾಲ್ಕು ತಿಂಗಳು ಏನೂ ಕಾಣಲಿಲ್ಲ. ಐದನೆಯದರಲ್ಲಿ ಊತ ಇಳಿಯಿತು. ಯುಗಾದಿಗೆ ಹೋಳಿಗೆ ನೀನೇ ತಟ್ಟಿದೆ.

ಆಗಲೇ ಬನಶಂಕರಿಯವರ ಸಂಬಂಧ ಬಂತು. ಕಾಯಿಲೆಯ ವಿಷಯ ಹೇಳಿಬಿಡೋಣ ಎಂದೆ ನೀನು. "ವಾಸಿಯಾಗಿರೋದನ್ನ ಯಾಕೆ ಕೆದಕ್ತೀಯ, ಸುಮ್ನಿರೇ" ಎಂದು ಬಾಯಿ ಮುಚ್ಚಿಸಿದವಳೂ ನಾನೇ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ನೀನು ಹೊರಗೆ ಬೆಂಚಿನ ಮೇಲಿದ್ದೆ, ನಾನೊಬ್ಬಳೇ ಒಳಗೆ. "ಇನ್ಮೇಲೆ ತಿಂಗಳಿಗೊಂದು ಕೊಡೋಣ. ಆದ್ರೆ ನಿಲ್ಲಿಸಬೇಡಿ ಅಮ್ಮಾ. ನೋವು ಹೋದ್ರೂ ಕಾಯಿಲೆ ಹೋಗಿರಲ್ಲ. ವರ್ಷಗಟ್ಟಲೆ ನಡೀಬೇಕು. ಬಿಟ್ರೆ ಕೀಲೇ ಹಾಳಾಗುತ್ತೆ" ಎಂದರು ಡಾಕ್ಟರು.

ತಿಂಗಳು ತಿಂಗಳು ಸೊಸೆ ಎಲ್ಲಿಗೆ ಹೋಗುತ್ತಾಳೆಂದು ಅತ್ತೆಮನೆಯವರು ಕೇಳದಿರುತ್ತಾರೆಯೇ? ಹೊರಗೆ ಬಂದೆ. "ಸಾಕಂತೆ ಕಣೇ. ಪೂರ್ತಿ ವಾಸಿಯಂತೆ." ನೀನು ಅಲ್ಲೇ, ಎಲ್ಲರೆದುರು, ನನ್ನನ್ನು ತಬ್ಬಿಕೊಂಡೆ —

ನಿನ್ನ ಒಳ್ಳೆಯದಕ್ಕೇ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ನಿನ್ನ ಮದುವೆಯಾದರೆ ನನ್ನ ಓಡಾಟ ಮುಗಿಯುತ್ತಿತ್ತು. ನನಗೆ ಸಾಕಾಗಿತ್ತು, ಶಾರದಾ. ನನಗೆ.

ಮದುವೆಯಾದ ಎರಡನೇ ವರ್ಷಕ್ಕೆ ನಿನ್ನ ಬೆರಳುಗಳು ಒಂದೇ ಕಡೆಗೆ ವಾಲಿದವು. ಬೇರೆ ಡಾಕ್ಟರ ಹತ್ತಿರ ಮತ್ತೆ ಇಂಜೆಕ್ಷನ್ ಶುರುವಾಯಿತು. ಊತ ತಗ್ಗಿತು, ಸೊಟ್ಟಾದದ್ದು ನೆಟ್ಟಗಾಗಲಿಲ್ಲ. ಮೊನ್ನೆ ಬಂದಾಗ ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಕಾಫಿ ಕುಡಿದೆ. "ಡಾಕ್ಟರೇ ಸಾಕು ಅಂದ್ಮೇಲೆ ನೀವೇನ್ ಮಾಡ್ತೀರಿ ಅತ್ತಿಗೆ? ನನ್ನ ಹಣೆಬರಹ" ಎಂದೆ. ಆಗಲಾದರೂ ನಾನು — ಇಲ್ಲ. ಇನ್ನೊಂದು ಚೂರು ಕಾಫಿ ಹಾಕಲಾ ಎಂದು ಕೇಳಿದೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ನಾನೇ ತರುತ್ತೇನೆ. ಹಾಳೆ ಹಿಡಿಯಲು ನಿನಗೆ ಕಷ್ಟವಾದರೆ, ಎದುರಿಗೆ ಕೂತು ನಾನೇ ಓದಿ ಹೇಳುತ್ತೇನೆ.