ಅಮ್ಮನ ಮಂಚದ ಪೆನ್ನು

ನಮ್ಮ ಕಟ್ಟಡದ ಮೇಲಿನ ಮಹಡಿಯವರಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇದೆ, ಆದರೆ ಅದು ಅಂಚೆಯವನಿಗೂ ಮರೆತುಹೋಗಿದೆ. ಎಲ್ಲರ ಬಾಯಲ್ಲೂ ಅವರು ಪೆನ್ನಪ್ಪ. ಮೊದಲು ಪೀಠೋಪಕರಣದ ಕಾರ್ಖಾನೆಯಲ್ಲಿ ಕುರ್ಚಿಯ ಕಾಲು ಕಡೆಯುತ್ತಿದ್ದರು. ಕಾರ್ಖಾನೆ ಪ್ಲಾಸ್ಟಿಕ್ಕಿಗೆ ಹೊರಳಿದಾಗ ಯಾರಿಗೂ ಬೇಡವಾದ, ಮರ ಕಡೆಯುವ ಪುಟ್ಟ ಲೇತ್ ಯಂತ್ರವೊಂದನ್ನು ಅವರ ಪಾಲಿಗೆ ಹಾಕಿ ಮನೆಗೆ ಕಳಿಸಿದರು. ಕುರ್ಚಿ ಕಾಲು ಕಡೆದ ಕೈ ಸುಮ್ಮನಿರಬೇಕಲ್ಲ, ಪೆನ್ನು ಕಡೆಯತೊಡಗಿತು.

ಮಾರುವುದಿಲ್ಲ, ಕೊಡುತ್ತಾರೆ. ಹಲ್ಲು ಕಿತ್ತ ಡಾಕ್ಟರಿಗೂ ಒಂದು ಪೆನ್ನು, ನಲ್ಲಿ ರಿಪೇರಿಯವನಿಗೂ ಒಂದು. ನನಗೂ ಒಂದು ಸಿಕ್ಕಿದೆ. ನಾನು ಕೆಳಗಿನ ಮನೆಯ ಟೈಲರ್. ಗಿರಾಕಿಗಳ ಅಳತೆ ಗೀಚಿಕೊಳ್ಳಲು ಅದನ್ನೇ ಬಳಸುತ್ತೇನೆ ಎಂದಾಗ ಅವರ ಮುಖ ಅರಳಿತು. ಉಳಿದವರೆಲ್ಲ ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಪೆನ್ನು ಕೊಟ್ಟವರ ಮನೆಗೆ ಒಂದು ಸಲ ಬಂದು ಕೂತು ಹೋಗಬೇಕೆಂದು ಮಾತ್ರ ಅವರಲ್ಲಿ ಯಾರಿಗೂ ಹೊಳೆದಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಕೊಡುವ ಮೊದಲು ಪ್ರತಿ ಪೆನ್ನಿಗೂ ಫೋಟೊ ಆಗಬೇಕು. ಅದಕ್ಕೇ ನನ್ನ ಹತ್ತಿರ ಬರುತ್ತಿದ್ದರು, ಹಾಸಲು ಬಟ್ಟೆ ಚೂರು ಕೇಳಿಕೊಂಡು. ಮೇಲೆ ಅವರ ಕಿಟಕಿಯ ಪಕ್ಕ ಸ್ಟೂಲು, ಅದರ ಮೇಲೆ ನನ್ನ ಚೂರು, ಪೆನ್ನು ಉರುಳದಂತೆ ಅದರಡಿಯಲ್ಲಿ ಮುರಿದ ಬೆಂಕಿಕಡ್ಡಿ. ನೆರಳು ಬಿದ್ದ ಕಡೆ ಬಿಳಿ ರಟ್ಟು ಹಿಡಿದು ಬೆಳಕನ್ನು ಹಿಂದಕ್ಕೆ ತಿರುಗಿಸಬೇಕು. ರಟ್ಟು ಹಿಡಿಯುವ ಭಾಗ್ಯ ನನ್ನದು.

"ಅಲ್ಲಾಡ್ಬೇಡಿ ಟೈಲರಮ್ಮ."

"ಉಸಿರಾದ್ರೂ ಆಡ್ಲಾ ಬೇಡ್ವಾ?"

"ಮೆಲ್ಲಗೆ ಆಡಿ."

ಅವರೊಡನೆ ಇದ್ದವರು ಅಮ್ಮ ಒಬ್ಬರೇ. ಒಳಕೋಣೆಯಲ್ಲಿ ಕಪ್ಪುಗೆಂಪು ಮರದ ಹಳೆಯ ಮಂಚ, ಆ ಮಂಚದಲ್ಲಿ ಅಮ್ಮ. ಊರಿನ ಇನ್ನೊಂದು ತುದಿಯಲ್ಲಿರುವ ತಂಗಿ ಆಸ್ಪತ್ರೆಯಲ್ಲಿ ನರ್ಸು. ರಜೆ ಸಿಕ್ಕಾಗಲೆಲ್ಲ ಬಂದು ಅದೇ ಮಂಚದ ಮೇಲೆ ಕೂತು ಅಮ್ಮನ ತಲೆ ಬಾಚುತ್ತಿದ್ದಳು. ಅಣ್ಣ ತಂಗಿ ಆಡಿದ ಮಾತು ಕಡಿಮೆ. ಅವಳು ಬಂದ ದಿನ ಇವರು ಎರಡು ಸಲ ಟೀ ಮಾಡುತ್ತಿದ್ದರು, ಅಷ್ಟೇ ಸಂಭ್ರಮ.

ಹೋದ ವರ್ಷ ಅಮ್ಮ ತೀರಿಕೊಂಡರು. ಖಾಲಿ ಮಂಚ ಉಳಿಯಿತು. ಆ ಕೋಣೆಯ ಬಾಗಿಲು ದಾಟುವಾಗ ಪೆನ್ನಪ್ಪ ಮುಖ ತಿರುಗಿಸಿಕೊಂಡು ಹೋಗುವುದನ್ನು ನಾನೇ ನೋಡಿದ್ದೇನೆ. ಒಂದು ದಿನ ಗರಗಸ ತೆಗೆದುಕೊಂಡು ಮಂಚವನ್ನು ಕೊಯ್ದರು. ಅಮ್ಮ ಮಲಗಿದ ಮರದಿಂದ ಬಂಧುಗಳಿಗೆಲ್ಲ ಒಂದೊಂದು ಪೆನ್ನು ಮಾಡಿ ಕೊಟ್ಟರು. ಅವರ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಉಡುಗೊರೆ ಪ್ರಪಂಚದಲ್ಲಿಲ್ಲ. ತಂಗಿಯದಕ್ಕೆ ತಲೆದಿಂಬಿನ ಕಡೆಯ ಕಾಲನ್ನು ಆರಿಸಿದರು. ಸೊಳ್ಳೆಪರದೆ ಕಟ್ಟಲು ಹೊಡೆದ ಮೊಳೆಯ ತೂತು ಅದರಲ್ಲಿತ್ತು, ಸುತ್ತ ತುಕ್ಕಿನ ಕಪ್ಪು ಕಲೆ. ಬೇರೆಯವರಾಗಿದ್ದರೆ ಮುಚ್ಚಿ ಮೆರುಗು ಹಾಕುತ್ತಿದ್ದರು. ಇವರು ಗುರುತಿರಲಿ ಎಂದು ಆ ತೂತು ಪೆನ್ನಿನ ಮೇಲೆಯೇ ಬರುವಂತೆ ಕಡೆದರು. ಫೋಟೊ ತೆಗೆದು ತಂಗಿಗೆ ಕಳಿಸಿದರು.

"ಇದು ಯಾವ ಮರ?" ಎಂದು ಮಾತ್ರ ಉತ್ತರ ಬಂತು.

ಇವರು ಹೆಮ್ಮೆಯಿಂದ ಹೇಳಿದರು. ಅಲ್ಲಿಗೆ ತಂಗಿಯ ಮಾತೂ ನಿಂತಿತು, ಬರುವುದೂ ನಿಂತಿತು.

ಯಾರಿಗಾದರೂ ಅರ್ಥವಾಗುವ ವಿಷಯ. ಪೆನ್ನಪ್ಪನಿಗೆ ಆಗಲಿಲ್ಲ. ಫೋಟೊ ಸರಿ ಬಂದಿಲ್ಲ, ಅದಕ್ಕೇ ಅವಳಿಗೆ ಹಿಡಿಸಿಲ್ಲ ಎಂದು ತೀರ್ಮಾನಿಸಿದರು. ನೀಲಿ ಬಟ್ಟೆ ಕೇಳಿದರು, ಕೊಟ್ಟೆ. ಕೆನೆ ಬಣ್ಣದ್ದು ಕೇಳಿದರು, ಕೊಟ್ಟೆ. ಬೆಳಗಿನ ಬೆಳಕಿನಲ್ಲಿ ಒಂದು, ಮೋಡದ ದಿನ ಒಂದು, ಎಲ್ಲವೂ ತಂಗಿಗೆ ಹೋದವು. ಉತ್ತರವಿಲ್ಲ. ಟೀ ಡಬ್ಬಿಯಲ್ಲಿ ಪುಡಿ ಮುಗ್ಗಲು ಹಿಡಿಯಿತು. ಒಬ್ಬರಿಗೇ ಎಂದು ಅವರು ಟೀ ಮಾಡುವುದಿಲ್ಲ. ನಾನು ಮೇಲೆ ಹೋದಾಗಲೆಲ್ಲ ಬಾಗಿಲು ತೆರೆದೇ ಇರುತ್ತಿತ್ತು. ಬಂದವಳು ನಾನು ಎಂದು ಗೊತ್ತಾದಾಗ ಅವರ ಮುಖ ಇಳಿಯುತ್ತಿತ್ತು, ಮರುಕ್ಷಣವೇ ಅದನ್ನು ಮರೆಸಲು ನಗುತ್ತಿದ್ದರು. ನನಗೆ ಬೇಸರವಾಗುತ್ತಿತ್ತು, ಅವರ ಮೇಲಲ್ಲ.

ಕೊನೆಗೆ ನನ್ನ ಬಾಯಿ ಸುಮ್ಮನಿರಲಿಲ್ಲ. "ಬಟ್ಟೆದೂ ಅಲ್ಲ, ಬೆಳಕಿಂದೂ ಅಲ್ಲ. ಮಂಚ ಕೊಯ್ದಿದ್ದಕ್ಕೆ ಅವ್ರಿಗೆ ನೋವಾಗಿದೆ" ಎಂದೆ.

"ಕೊಯ್ದಿದ್ದು ಅವ್ಳಿಗೆ ಕೊಡಕ್ಕೇ ಅಲ್ವಾ?" ಎಂದರು. ನಿಜವಾಗಿಯೂ ಕೇಳುತ್ತಿದ್ದರು.

ಮುಂದಿನ ವಾರ ಮತ್ತೆ ಅದೇ ಸ್ಟೂಲು, ಅದೇ ಪೆನ್ನು. ನಾನು ರಟ್ಟು ಹಿಡಿದು ನಿಂತಿದ್ದೆ. ಬಾಗಿಲಲ್ಲಿ ತಂಗಿ ನಿಂತಿದ್ದಳು. ಕೆಲಸದಿಂದ ನೇರ ಬಂದವಳು, ಹೆಗಲಲ್ಲಿ ಚೀಲ ಹಾಗೇ ಇತ್ತು.

"ಅಣ್ಣ, ಇನ್ನು ಫೋಟೊ ಕಳಿಸ್ಬೇಡ" ಎಂದಳು.

ಪೆನ್ನಪ್ಪ ಪೆನ್ನನ್ನು ಎತ್ತಿ ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು. "ಫೋಟೊ ಬಿಡು. ಇದನ್ನ ತಗೋ."

ಅವಳು ಮುಟ್ಟಲಿಲ್ಲ. ಒಳಕೋಣೆಗೆ ಹೋದಳು. ಅಲ್ಲಿ ಗೋಡೆಯ ಮೇಲೆ ಮಂಚ ಒರಗುತ್ತಿದ್ದಷ್ಟು ಜಾಗದ ಸುಣ್ಣ ಮಾಸಿತ್ತು, ಅಷ್ಟೇ. ಅದನ್ನು ನೋಡುತ್ತ ನಿಂತಳು.

"ಒಂದು ಸಲ ಅದ್ರ ಮೇಲೆ ಮಲಗ್ಬೇಕು ಅಂದ್ಕೊಂಡಿದ್ದೆ" ಎಂದಳು. "ಬೇರೇನೂ ಕೇಳ್ತಿರ್ಲಿಲ್ಲ ನಾನು."

"ಹೇಳಿದ್ರೆ ಇಟ್ಟಿರ್ತಿದ್ನಲ್ಲ."

"ಕೊಯ್ಯೋ ಮೊದ್ಲು ನೀನು ಒಂದು ಮಾತು ಕೇಳಿದ್ರೆ ಹೇಳಿರ್ತಿದ್ದೆ."

ಪೆನ್ನಪ್ಪ ಪೆನ್ನನ್ನು ಜೇಬಿಗೆ ಹಾಕಿಕೊಂಡರು. ಅವಳೇ ಸ್ವಲ್ಪ ತಗ್ಗಿ, "ಹೋಗ್ಲಿ, ಮಂಚದ್ದು ಒಂದು ಫೋಟೊ ಇದ್ಯಾ? ಅಮ್ಮ ಕೂತಿರೋದು ಆದ್ರೆ ಇನ್ನೂ ಒಳ್ಳೇದು. ಅದನ್ನ ಕೊಡು" ಎಂದಳು.

ಪೆನ್ನಪ್ಪ ಫೋನು ತೆಗೆದರು. ಒಂದೊಂದನ್ನೇ ಬೆರಳಿನಿಂದ ಸರಿಸುತ್ತ ಹೋದರು. ಪೆನ್ನು, ಪೆನ್ನು, ಪೆನ್ನು. ಡಾಕ್ಟರ ಪೆನ್ನು, ನಲ್ಲಿಯವನ ಪೆನ್ನು, ನನ್ನ ಪೆನ್ನು. ಇಲ್ಲವೆಂದು ಅವರಿಗೆ ಮೊದಲೇ ಗೊತ್ತಿತ್ತು, ಅದು ಅವರ ಕಿವಿ ಕೆಂಪಾಗಿದ್ದರಲ್ಲೇ ಕಾಣುತ್ತಿತ್ತು. ಆದರೂ ಬೆರಳು ನಿಲ್ಲಿಸಲಿಲ್ಲ.

"ಸಾಕು ಬಿಡಣ್ಣ" ಎಂದಳು ತಂಗಿ. ಸಿಟ್ಟಿನಿಂದಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

ಅವಳ ಜೊತೆ ನಾನೂ ಕೆಳಗಿಳಿದೆ. ನನ್ನ ಮನೆಯ ಬಾಗಿಲ ಮುಂದೆ ನಿಂತು, "ಅಣ್ಣ ಸರಿಯಾಗಿ ಊಟ ಮಾಡ್ತಾನಾ?" ಎಂದು ಕೇಳಿದಳು.

"ನನ್ನನ್ಯಾಕೆ ಕೇಳ್ತೀರಾ? ಮೇಲೆ ಹೋಗಿ ಅವ್ರನ್ನೇ ಕೇಳಿ."

ನನ್ನ ಮಾತು ಒರಟಾಯಿತೇನೋ. ಆದರೂ ಅವಳು ಚೀಲವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿ ಮೆಟ್ಟಿಲ ಕಡೆ ನೋಡಿದಳು. ಒಂದು ಮೆಟ್ಟಿಲು ಹತ್ತಿಯೂ ಹತ್ತಿದಳು. ಅಷ್ಟರಲ್ಲಿ ಮೇಲೆ ಲೇತ್ ಶುರುವಾಯಿತು, ಇಡೀ ಕಟ್ಟಡಕ್ಕೆ ಕೇಳುವಂತೆ.

ಅವಳ ಮುಖ ಬಿಗಿದುಕೊಂಡಿತು. "ನೋಡಿದ್ರಾ, ಆಗ್ಲೇ ಇನ್ನೊಂದಕ್ಕೆ ಕೈ ಹಾಕ್ದ" ಎಂದು ಹೇಳಿ ರಸ್ತೆಗೆ ಇಳಿದಳು.

ನನಗೂ ರೇಗಿಹೋಯಿತು. ಎರಡು ಮಾತು ಬೈದೇ ಬರುತ್ತೇನೆಂದು ಮೇಲೆ ಹೋದೆ. ಲೇತ್ ಭರ್ರೆಂದು ತಿರುಗುತ್ತಿತ್ತು. ಅದರಲ್ಲಿ ಮರದ ಚೂರೂ ಇರಲಿಲ್ಲ. ಪೆನ್ನಪ್ಪ ಪಕ್ಕದಲ್ಲಿ ನೆಲದ ಮೇಲೆ ಕೂತು ಮಂಡಿಗೆ ಮುಖ ಆನಿಸಿದ್ದರು. ನಾನೇ ಸ್ವಿಚ್ ಆರಿಸಿದೆ.

"ಹೋದ್ಲಾ?" ಎಂದರು, ತಲೆ ಎತ್ತದೆ.

"ಹೋದ್ರು."

"ನಾನು ಅಳೋದು ಅವ್ಳಿಗೆ ಕೇಳಿಸ್ಬಾರ್ದು ಅಂತ ಲೇತ್ ಹಾಕ್ದೆ" ಎಂದರು.