ಅಜ್ಜಿ ಏನು ನೋಡುತ್ತಿದ್ದಳು

ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಚಿತ್ರವಿದೆ. ಬಿಳಿ ಟೊಪ್ಪಿಗೆಯ ಡಚ್ ಅಜ್ಜಿ, ಮಡಿಲಲ್ಲಿ ಗಜ್ಜರಿ, ಕೈಯಲ್ಲಿ ಚಾಕು. ಹೆರೆಯುವುದನ್ನು ಬಿಟ್ಟು ಬಲಕ್ಕೆ ಏನನ್ನೋ ನೋಡುತ್ತಿದ್ದಾಳೆ. ಏನನ್ನು ಎಂಬುದು ಮಾತ್ರ ಕಾಣುವುದಿಲ್ಲ.

ನನ್ನ ಹುಬ್ಬಳ್ಳಿ ಕಚೇರಿಗೆ ಯಾರೋ ಪರದೇಶದಿಂದ ತಂದಿದ್ದ ಕ್ಯಾಲೆಂಡರಿನ ಹಾಳೆ ಅದು. ಹೆಂಡತಿ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದಳು. ಖುಷಿಪಡಲಿ ಎಂದು ನೇರ ಫ್ರೇಮಿನ ಅಂಗಡಿಗೆ ಒಯ್ದೆ. ಅವನ ಬಳಿ ತಯಾರಿದ್ದವೆಲ್ಲ ದೇವರ ಫೋಟೋದ ಅಳತೆಯ ಚೌಕಟ್ಟುಗಳು. ಅದಕ್ಕೆ ಕೂಡಿಸಲು ಬಲಗಡೆಯನ್ನು ಕತ್ತರಿಸಿಯೇ ಬಿಟ್ಟ. ‘ಆ ಕಡೆ ಬರೇ ಗ್ವಾಡಿ ಇತ್ತರಿ ಸರ್’ ಎಂದ. ಮನೆಯಲ್ಲಿ ಹೆಂಡತಿಯಿಂದ ನನಗೇ ಪೂಜೆಯಾಯಿತು.

‘ನೀವರ ನೋಡಬೇಕಿಲ್ಲೋ? ತೂಕಡಿಸ್ಕೋತ ನಿಂತಿದ್ರೇನು?’

ದೇವರ ಫೋಟೋಕ್ಕೆಂದು ಮಾಡಿದ ಆ ಜರಿಯ ಚೌಕಟ್ಟಿನ ಮಹಿಮೆ ಬೇರೆಯೇ ಇತ್ತು. ಮುಗದ ಹಳ್ಳಿಯಿಂದ ಬಂದ ಹೆಂಡತಿಯ ದೊಡ್ಡವ್ವ, ‘ಯಾವ ಶರಣೆವ್ವ ಇಕಿ? ಮಾರಿ ಮ್ಯಾಲೆ ಎಷ್ಟ ಶಾಂತಿ ಐತಿ’ ಎಂದು ಗಾಜಿನ ಮೇಲೆ ಕುಂಕುಮವಿಟ್ಟು ಹೂ ಏರಿಸಿದಳು. ನಾವು ನಗು ನುಂಗಿಕೊಂಡೆವು. ಆ ಕುಂಕುಮವನ್ನು ಹೆಂಡತಿ ಒರೆಸಲಿಲ್ಲ. ಬರಬರುತ್ತ ನಾವೂ ಆ ಗೋಡೆಯ ಮುಂದೆ ಚಪ್ಪಲಿ ಮೆಟ್ಟಿ ನಿಲ್ಲುವುದನ್ನು ಬಿಟ್ಟೆವು.

ಅಜ್ಜಿ ಏನು ನೋಡುತ್ತಿದ್ದಾಳೆ ಎಂಬ ನಮ್ಮಿಬ್ಬರ ಜಗಳ ಮಾತ್ರ ಮುಗಿಯಲಿಲ್ಲ. ಬಾಗಿಲಿಗೆ ಯಾರೋ ಬಂದಿದ್ದಾರೆ ಎಂಬುದು ನನ್ನ ವಾದ.

‘ಮಂದಿ ಬಂದ್ರ ಮಾರಿ ಹಿಂಗ ಇರೂದಿಲ್ಲರಿ. ಒಲಿ ಮ್ಯಾಲೆ ಹಾಲ ಇಟ್ಟಾಳ. ಉಕ್ಕೀತಂತ ನೋಡಾಕತ್ತಾಳ.’

ಸೋತವರು ಬದುಕಿರುವವರೆಗೆ ಬೆಳಗಿನ ಚಹಾ ಮಾಡಬೇಕೆಂದು ಪಂದ್ಯವಾಯಿತು. ಮೊಬೈಲಿನಲ್ಲಿ ಹುಡುಕಿದರೆ ಪಂದ್ಯ ರದ್ದು. ನೋಡಿದರೆ ಅಲ್ಲಿಗೇ ಹೋಗಿ ನೋಡಬೇಕು ಎಂದಳು. ಮ್ಯೂಸಿಯಮ್ಮಿನ ಹೆಸರು ಚಿತ್ರದ ಕೆಳಗೆ ಉಳಿದಿತ್ತು.

ನಿವೃತ್ತಿಯ ಬಳಿಕ ಪ್ರವಾಸದ ಗುಂಪಿನೊಡನೆ ಇಬ್ಬರೂ ಹೋದೆವು ಕೂಡ. ಮ್ಯೂಸಿಯಮ್ಮಿಗೆ ಬೀಗ, ಗೋಡೆಯ ತುಂಬ ಸಾರವೆ. ನನಗೆ ಸಿಟ್ಟು ನೆತ್ತಿಗೇರಿತು. ಅವಳು ನಕ್ಕಳು: ‘ರಿಪೇರಿ ಮುಗೀಲಿ ಬಿಡ್ರಿ, ಮತ್ತ ಬರೋಣಂತ.’

ರಿಪೇರಿ ಮುಗಿಯಿತು. ಅಷ್ಟರಲ್ಲಿ ಅವಳೇ ಇರಲಿಲ್ಲ.

ಕಳೆದ ವರ್ಷ ಅಂಥದೇ ಒಂದು ಗುಂಪಿನೊಡನೆ ಮತ್ತೆ ಹೋದೆ. ಉಳಿದವರು ಹೂದೋಟ ನೋಡಲು ಹೊರಟ ದಿನ ನಾನೊಬ್ಬನೇ ರೈಲು ಹತ್ತಿದೆ. ಪಕ್ಕದ ಸೀಟು ಖಾಲಿ. ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ ಇದ್ದವು, ತಿನ್ನಲು ಮನಸ್ಸಾಗಲಿಲ್ಲ. ಕಿಟಕಿಯಲ್ಲಿ ಕಾಲುವೆ, ದನ, ಮತ್ತೆ ಕಾಲುವೆ. ಇಷ್ಟು ದೂರ ಒಬ್ಬನೇ ಯಾತಕ್ಕೆ ಬಂದೆನೋ ಎಂದು ನನ್ನ ಮೇಲೆಯೇ ಬೇಸರ ಬಂತು.

ಹಳೆಯ ಇಟ್ಟಂಗಿಯ ಕಟ್ಟಡ ಹಾಗೇ ಇತ್ತು. ಒಳಗೆ ಹೊಸ ಗಾಜಿನ ಮಾಳಿಗೆ, ಸುಣ್ಣದ ವಾಸನೆ, ಮುಖ ಕಾಣುವಷ್ಟು ಹೊಳೆಯುವ ಹಲಗೆಯ ನೆಲ. ಕೋಣೆ ಕೋಣೆ ದಾಟಿ ಹೋದೆ. ಹೊಸ್ತಿಲಲ್ಲಿ ನಿಂತಾಗಲೇ ಬಿಳಿ ಟೊಪ್ಪಿಗೆ ಕಂಡಿತು. ಕೈಗಳು ತಾವಾಗಿಯೇ ಬೂಟಿನ ದಾರ ಬಿಚ್ಚಿದವು. ಕಾಲುಚೀಲದಲ್ಲಿ ಒಳಗೆ ಬಂದವನನ್ನು ನೋಡಿ ಕಾವಲಿನ ಹೆಣ್ಣುಮಗಳು ಗಾಬರಿಯಾದಳು. ನಾನು ಕೈಮುಗಿದಾಗ ಏನು ತಿಳಿದಳೋ, ಸುಮ್ಮನಾದಳು.

ಚಿತ್ರದ ಬಲಗಡೆ ಗೋಡೆಯೂ ಇತ್ತು, ಫ್ರೇಮಿನವನು ಪೂರಾ ಸುಳ್ಳು ಹೇಳಿರಲಿಲ್ಲ. ಗೋಡೆಗೆ ತಾಗಿ ಒಲೆ. ಒಲೆಯ ಮೇಲೆ ಪುಟ್ಟ ಪಾತ್ರೆ. ಅದರ ಅಂಚಿನಲ್ಲಿ ಬಿಳಿ ನೊರೆ, ಇನ್ನೇನು ಉಕ್ಕಬೇಕು.

ನನಗೆ ತಡೆಯಲಾರದ ನಗು ಬಂತು. ಅವಳು ಯಾವಾಗಲೂ ನನ್ನ ಎಡಕ್ಕೆ ನಿಲ್ಲುತ್ತಿದ್ದಳು. ಅತ್ತ ಹೊರಳಿ ಗಟ್ಟಿಯಾಗಿಯೇ ಅಂದೆ: ‘ನೀನ ಖರೇ ನೋಡವಾ. ಹಾಲ!’

ಅಲ್ಲಿ ನಿಂತಿದ್ದವಳು ಯಾರೋ ಪರದೇಶದ ಮುದುಕಿ. ನಾನು ಜಾಗ ಕೇಳಿದೆನೆಂದು ತಿಳಿದು, ಮುಗುಳ್ನಕ್ಕು ಪಕ್ಕಕ್ಕೆ ಸರಿದಳು. ನನ್ನ ಎಡಗಡೆ ಪೂರ್ತಿ ಬರಿದಾಯಿತು. ನಗುತ್ತಿದ್ದ ನಾನು ಅಲ್ಲಿಯೇ ಅತ್ತುಬಿಟ್ಟೆ.

ಊರಿಗೆ ಬಂದಿದ್ದೇನೆ. ಗಾಜಿನ ಮೇಲಿನ ಕುಂಕುಮ ಹಾಗೇ ಇದೆ. ಪಂದ್ಯ ಸೋತವನು ನಾನು, ದಿನಾ ಬೆಳಿಗ್ಗೆ ಚಹಾ ಮಾಡುತ್ತೇನೆ. ಹಾಲು ಉಕ್ಕೀತೆಂದು ಒಲೆಯ ಮುಂದೆ ಒಬ್ಬನೇ ನಿಂತಿರುತ್ತೇನೆ.