ಮೂಗುರಾಯನ ಊದ್ ಎಣ್ಣೆ

ಅತ್ತರು ಅಂಗಡಿಯವನಿಗೆ ಬೀದಿಯವರು ಇಟ್ಟ ಹೆಸರು ಮೂಗುರಾಯ. ಅಗರು ಮರದಿಂದ ತೆಗೆಯುವ ಊದ್ ಎಣ್ಣೆಯ ವಿಷಯದಲ್ಲಿ ಅವನ ಮಾತೇ ಕೊನೆ. ಗಾಜಿನ ಕಡ್ಡಿಯಿಂದ ಒಂದು ತೊಟ್ಟು ಮಣಿಕಟ್ಟಿಗೆ ಮುಟ್ಟಿಸಿ, ಉಜ್ಜದೆ, ಸುಮ್ಮನೆ ಕೂರುತ್ತಿದ್ದ. ಅಪ್ಪಟ ಎಣ್ಣೆ ಮೊದಲು ಹಸಿ ಚರ್ಮದ ಹಾಗೆ, ದನದ ಕೊಟ್ಟಿಗೆಯ ಹಾಗೆ ನಾರಿ ಮೂಗು ಮುರಿಯುವಂತೆ ಮಾಡುತ್ತದೆ. ಮೈಯ ಬಿಸಿ ತಾಗುತ್ತ ತಾಗುತ್ತ ಹೊಗೆಯಾಡಿದ ಮರವಾಗಿ, ಕೊನೆಗೆ ಜೇನಿನಂಥ ಸಿಹಿಯಾಗಿ ನಿಲ್ಲುತ್ತದೆ. "ಬಂದ ಕೂಡಲೇ ಸಿಹಿ ಮಾತಾಡೋ ಎಣ್ಣೇನ ನಂಬಬೇಡಿ, ಅದು ಬೆರಕೆ," ಎಂದು ಗಿರಾಕಿಗಳಿಗೆ ಹೇಳುತ್ತಿದ್ದ.

ಆ ಮೂಗಿನ ಚಾಕರಿ ಮಾಡಿದವಳು ಹೆಂಡತಿ. ಮನೆಗೆ ವಾಸನೆಯ ಸೋಪು ಬರುವಂತಿಲ್ಲ; ಅವನು ಅಂಗಡಿಗೆ ಹೊರಡುವ ಮುಂಚೆ ಬೆಳ್ಳುಳ್ಳಿ ಹುರಿಯುವಂತಿಲ್ಲ. ಮದುವೆಯಾದ ಹೊಸದರಲ್ಲಿ ಅವಳು ಕೈ ಚಾಚಿ, "ನನಗೂ ಒಂದು ತೊಟ್ಟು ಹಚ್ಚಿ, ಅದೇನು ಅಂಥಾದ್ದು ನೋಡ್ತೀನಿ," ಎಂದಿದ್ದಳು. "ಒಲೆ ಮುಂದೆ ನಿಲ್ಲೋರಿಗೆ ಊದ್ ಯಾಕೆ?" ಎಂದು ಅವನು ನಕ್ಕಿದ್ದ. ಅವಳು ಮತ್ತೆ ಕೇಳಲಿಲ್ಲ.

ತಲೆ ನರೆತ ಮೇಲೆ ಅವನಿಗೊಂದು ಜ್ವರ ಬಂತು. ಬಿಟ್ಟು ಹೋಗುವಾಗ ಅದು ವಾಸನೆ ಹಿಡಿಯುವ ಶಕ್ತಿಯನ್ನೂ ಹೊತ್ತುಕೊಂಡು ಹೋಯಿತು. "ಮರಳಿ ಬರೋದು ಕಷ್ಟ," ಎಂದರು ಡಾಕ್ಟರು. ಅವನು ಯಾರ ಹತ್ತಿರವೂ ಬಾಯಿ ಬಿಡದೆ ಅಂಗಡಿಗೆ ಹೋದ. ಮಣಿಕಟ್ಟು ಮೂಸಿ, ತಲೆದೂಗಿ, ಹಳೆಯ ಅಭ್ಯಾಸದ ಮೇಲೆ ಮಾತಾಡಿದ. ಒಂದು ದಿನ ಹಳೆಯ ಗಿರಾಕಿಯಾದ ಮೇಷ್ಟ್ರು ಸೀಸೆ ವಾಪಸು ತಂದಿಟ್ಟರು. "ಬೆರಕೆ ಕಣಪ್ಪಾ. ನಿನ್ನ ಕೈಯಿಂದ ಬಂದಿದ್ದು ಅಂತ ನಂಬೋಕೇ ಆಗಲಿಲ್ಲ."

ಆವತ್ತು ಮಧ್ಯಾಹ್ನವೇ ಬಾಗಿಲು ಹಾಕಿ, ಯಾರಿಗೂ ಮಾರದೆ ಇಟ್ಟಿದ್ದ ಹಳೆಯ ಊದ್ ಸೀಸೆಯನ್ನು ಜೇಬಿಗಿಳಿಸಿ ಮನೆಗೆ ಬಂದ. ಹೆಂಡತಿಗೆ ಎಲ್ಲ ಹೇಳಿದ. ಆಮೇಲೆ ಅವಳ ಕೈ ಹಿಡಿದು ಒಂದು ತೊಟ್ಟು ಹಚ್ಚಿದ.

"ಇನ್ನು ನೀನೇ ನೋಡಿ ಹೇಳಬೇಕು. ಏನು ಬರ್ತಿದೆ?"

ಅವಳು ಕಣ್ಣು ಮುಚ್ಚಿ ಬಹಳ ಹೊತ್ತು ಮೂಸಿದಳು. "ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ? ಮರಾನಾ, ಹೊಗೆನಾ?"

"ನನಗೆ ಹೇಗೆ ಗೊತ್ತಾಗಬೇಕು ರೀ? ಒಂದು ದಿನಾನಾದ್ರೂ ತೋರಿಸಿದ್ರಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನಿಗೆ ಚುಚ್ಚಿತು.

ಕೆಲವು ವಾರ ಅವಳನ್ನು ಅಂಗಡಿಗೆ ಕರೆದೊಯ್ದು ಕಲಿಸಲು ನೋಡಿದ. ಅವಳು ಮನಸ್ಸಿಟ್ಟೇ ಮೂಸಿದಳು. ಆದರೆ ಅವಳು ಹೇಳಿದ್ದು ಸರಿಯೋ ತಪ್ಪೋ ಎನ್ನಬೇಕಾದವನಿಗೇ ವಾಸನೆ ತಿಳಿಯುತ್ತಿರಲಿಲ್ಲ. ಕೊನೆಗೆ ಅಂಗಡಿಯನ್ನು ಅವಳ ತಮ್ಮನಿಗೆ ಬಿಟ್ಟುಕೊಟ್ಟ.

ಹಳೆಯ ಸೀಸೆ ಅವಳ ಬಳಿ ಉಳಿಯಿತು. ಹೊರಗೆ ಹೊರಟಾಗ ಒಂದು ತೊಟ್ಟು ಹಚ್ಚಿಕೊಳ್ಳುತ್ತಾಳೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ತಿರುಗಿ, "ಎಲ್ಲಿ ಸಿಕ್ಕಿತಮ್ಮಾ ಈ ಪರಿಮಳ?" ಎಂದು ಕೇಳುತ್ತಾಳೆ. "ನಮ್ಮನೆಯವರು ಕೊಟ್ಟಿದ್ದು," ಎನ್ನುತ್ತಾಳೆ ಇವಳು. ಇವಳ ಇನ್ನೊಂದು ಪಕ್ಕ ಕೂತ ಅವನು ಕಿಟಕಿಯ ಕಡೆ ಮುಖ ಹೊರಳಿಸುತ್ತಾನೆ. ಊದ್ ಒಬ್ಬೊಬ್ಬರ ಮೈಯಲ್ಲಿ ಒಂದೊಂದು ಥರ ಅರಳುತ್ತದೆಂದು ಊರಿಗೆಲ್ಲ ಹೇಳಿಕೊಟ್ಟವನು ಅವನು. ಇವಳ ಮೈಯಲ್ಲಿ ಹೇಗೆಂಬುದು ಅವನಿಗೆ ತಿಳಿಯದೆಯೇ ಹೋಯಿತು.